ಎಡಗೈಗೂ ಒಂದು ಕಸುಬಿದೆ

ಕಲಬುರಗಿಯ ಯಾವುದಾದರೂ ಖಾನಾವಳಿಯ ಒಲೆ ಮುಂದೆ ಸ್ವಲ್ಪ ಹೊತ್ತು ನಿಂತು ರೊಟ್ಟಿ ಬಡಿಯುವವರನ್ನು ನೋಡಿ. ಬಲಗೈ ಬಿಟ್ಟು ಎಡಗೈ ಕಡೆಗಷ್ಟೇ ಕಣ್ಣಿಡಿ. ಸದ್ದು ಮಾಡುವುದು ಬಲ ಅಂಗೈ. ಎಡಗೈ ಸದ್ದಿಲ್ಲದೆ ಅಂಚಿಗೆ ಬೆರಳು ಕೊಟ್ಟು ಹಿಟ್ಟು ಸೀಳದಂತೆ ಕಾಯುತ್ತದೆ, ಒಂದೊಂದು ಬಡಿತಕ್ಕೂ ರೊಟ್ಟಿ ಎಷ್ಟು ತಿರುಗಬೇಕೋ ಅಷ್ಟೇ ತಿರುಗುವಂತೆ ನೋಡಿಕೊಳ್ಳುತ್ತದೆ. ರೊಟ್ಟಿ ತೆಳ್ಳಗಾಗುವುದು ಬಲಗೈಯಿಂದಾದರೆ ದುಂಡಗಾಗುವುದು ಬಹುಮಟ್ಟಿಗೆ ಎಡಗೈಯಿಂದ. 2025ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಕಲಬುರಗಿ ಹೆಣ್ಣುಮಕ್ಕಳ ಜೋಳದ ರೊಟ್ಟಿಯ ಹೆಸರು ಬಂದಾಗ ಊರೆಲ್ಲ ಹಿಗ್ಗಿತು. ಆ ಹೊಗಳಿಕೆಯಲ್ಲಿ ಎಡಗೈಯ ಪಾಲು ಎಷ್ಟೆಂದು ಯಾರೂ ಕೇಳಲಿಲ್ಲ, ಕೇಳುವ ರೂಢಿಯೂ ನಮ್ಮಲ್ಲಿಲ್ಲ.

ಈಗ ಆ ಎರಡು ಕೈಗಳ ಕೆಲಸವನ್ನು ಅದಲುಬದಲು ಮಾಡಿ ಎಂದು ಕೇಳಿಕೊಂಡರೆ? ಹತ್ತಾರು ವರ್ಷ ರೊಟ್ಟಿ ಬಡಿದವರ ಕೈಯಲ್ಲೂ ಅದು ಸೊಟ್ಟಗಾಗುತ್ತದೆ. ಎಡಗೈಗೆ ಬಡಿಯಲು ಬರುವುದಿಲ್ಲ ಎಂಬುದು ಇದರ ಅರ್ಧ ಕಾರಣ. ಬಲಗೈಗೆ ಅಂಚು ಕಾಯಲು ಬರುವುದಿಲ್ಲ ಎಂಬುದು ಉಳಿದರ್ಧ. ಈ ಉಳಿದರ್ಧವನ್ನು ಮರೆತೇ ನಾವು ಎಡಗೈಯ ಬಗ್ಗೆ ಮಾತಾಡುತ್ತೇವೆ.

ಬಲಗೈ ರೂಢಿಯವರು ಎಡಗೈಯಲ್ಲಿ ಹಲ್ಲುಜ್ಜುವುದು, ಬರೆಯುವುದು, ಬಾಗಿಲ ಬೀಗ ತೆಗೆಯುವುದು ಇತ್ತೀಚೆಗೆ ಒಂದು ಸವಾಲಾಗಿದೆ. ಹೊಸ ವರ್ಷದ ಸಂಕಲ್ಪಗಳ ಪಟ್ಟಿಯಲ್ಲಿ ಬೆಳಗಿನ ನಡಿಗೆಯ ಪಕ್ಕದಲ್ಲಿ ಇದೂ ಬಂದು ಕೂತಿದೆ. ಒಳ್ಳೆಯ ಹವ್ಯಾಸವೇ, ಖರ್ಚಿಲ್ಲದ್ದು. ಆದರೆ ಇದರ ಜೊತೆಗೆ ಅಂಟಿಕೊಂಡು ಬರುವ ಮಾತುಗಳನ್ನು ಸ್ವಲ್ಪ ಸೋಸಬೇಕು: ಎಡಗೈ ಬಳಸಿದರೆ ಬಲ ಮಿದುಳು ಎಚ್ಚರಗೊಳ್ಳುತ್ತದೆ, ನೆನಪು ಚುರುಕಾಗುತ್ತದೆ, ಮಕ್ಕಳ ಅಂಕ ಏರುತ್ತದೆ ಎಂಬಂಥವು. ಎಡಗೈಯನ್ನು ಇನ್ನೂ ಮಲಗಿರುವ ದಡ್ಡ ಕೈ ಎಂದುಕೊಂಡರೆ ಮಾತ್ರ ಈ ಮಾತುಗಳಿಗೆ ಅರ್ಥ ಬರುತ್ತದೆ. ಅದು ಮಲಗಿಲ್ಲ. ಬೇರೆ ಕಸುಬು ಕಲಿತು ಅದರಲ್ಲಿ ಪಳಗಿದೆ.

ಕೈಯ ರೂಢಿ ಶುರುವಾಗುವುದು ತಾಯಿಯ ಹೊಟ್ಟೆಯಲ್ಲೇ. ಬ್ರಿಟನ್ನಿನ ವಿಜ್ಞಾನಿ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಸ್ಕ್ಯಾನಿನಲ್ಲಿ ಹೆಬ್ಬೆರಳು ಚೀಪುತ್ತಿದ್ದ ಶಿಶುಗಳನ್ನು ಗುರುತಿಟ್ಟುಕೊಂಡು, ಅವು ದೊಡ್ಡ ಮಕ್ಕಳಾದ ಮೇಲೆ ಮತ್ತೆ ಹೋಗಿ ನೋಡಿದರು. 2005ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ. ಗರ್ಭದಲ್ಲಿ ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಕ್ಕಳಲ್ಲಿ ಅಷ್ಟೂ ಮಕ್ಕಳು ಬಲಗೈಯವರಾದರು. ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಎಡಗೈಯವರಾದರು, 5 ಮಕ್ಕಳು ಬಲಕ್ಕೆ ಹೊರಳಿದರು. ಜಗತ್ತಿನಲ್ಲಿ ಎಡಗೈ ರೂಢಿಯವರು ಸುಮಾರು ಹತ್ತಕ್ಕೊಬ್ಬರು. ಇದು ಪೂರ್ತಿ ವಂಶದ ಕೊಡುಗೆಯೂ ಅಲ್ಲ. ಅವಳಿಗಳ ಅಧ್ಯಯನಗಳು ಅನುವಂಶೀಯತೆಯ ಪಾಲನ್ನು ಸುಮಾರು ನಾಲ್ಕನೇ ಒಂದು ಭಾಗ ಎನ್ನುತ್ತವೆ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರು ಎಡ, ಒಬ್ಬರು ಬಲ ಇರುವುದುಂಟು.

ಮಿದುಳಿನ ಎಡ ಅರ್ಧ ಬಲಗೈಯನ್ನು, ಬಲ ಅರ್ಧ ಎಡಗೈಯನ್ನು ಮುಖ್ಯವಾಗಿ ನಡೆಸುತ್ತದೆ. ನರಗಳು ಕುತ್ತಿಗೆಗಿಂತ ಸ್ವಲ್ಪ ಮೇಲೆ ಆಚೆಯಿಂದೀಚೆ ದಾಟುವುದರಿಂದ ಹೀಗೆ. ಇಷ್ಟು ನಿಜ. ಇದರ ಮೇಲೆ ಕಟ್ಟಿದ ‘ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಲೆಗೆ’ ಎಂಬ ಕಥೆ ಮಾತ್ರ ನಿಲ್ಲುವುದಿಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ಪರಿಶೀಲಿಸಿದಾಗ, ಒಟ್ಟಾರೆ ಎಡ ಮಿದುಳಿನವರು, ಬಲ ಮಿದುಳಿನವರು ಎಂಬ ಎರಡು ಜಾತಿಯ ಮನುಷ್ಯರು ಕಾಣಲಿಲ್ಲ. ಎರಡು ಅರ್ಧಗಳ ನಡುವೆ ಸುಮಾರು 20 ಕೋಟಿ ನಾರುಗಳ ಸೇತುವೆಯೇ ಇದೆ. ಒಂದು ಕಡೆ ಮಲಗಿ ಇನ್ನೊಂದು ಕಡೆ ದುಡಿಯುವ ಮನೆ ಅಲ್ಲ ಅದು.

ಹಾಗಾದರೆ ಎರಡು ಕೈಗಳ ನಡುವಿನ ನಿಜವಾದ ವ್ಯತ್ಯಾಸ ಏನು? ಇದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಅಮೆರಿಕದ ರಾಬರ್ಟ್ ಸೇನ್‌ಬರ್ಗ್ ಅವರದು. ಬಲಗೈ ರೂಢಿಯವರ ಬಲ ತೋಳು ಚಲನೆಯ ದಾರಿಯನ್ನು ಮುಂಚೆಯೇ ಲೆಕ್ಕ ಹಾಕುವುದರಲ್ಲಿ ಜಾಣ. ಎಲ್ಲಿ ಬಾಗಬೇಕು, ಎಷ್ಟು ಬೀಸಬೇಕು ಎಂಬುದು ಅದಕ್ಕೆ ಗೊತ್ತು. ಎಡ ತೋಳು ಒಂದು ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದರಲ್ಲಿ, ಹೊರಗಿನಿಂದ ತಟ್ಟನೆ ಬಂದ ಎಳೆತವನ್ನು ತಡೆದು ಅಲ್ಲೇ ಹಿಡಿದಿಡುವುದರಲ್ಲಿ ಜಾಣ. ಒಂದು ನಡೆಯುವ ಕೈ, ಇನ್ನೊಂದು ನಿಲ್ಲುವ ಕೈ. ಪ್ರಯೋಗಾಲಯದ ಈ ಮಾತನ್ನು ಕಮಲಾಪುರದ ಬಾಳೆ ತೋಟದಲ್ಲಿ ಕಣ್ಣಾರೆ ನೋಡಬಹುದು. ಹುಮನಾಬಾದ್ ರಸ್ತೆಯ ಆ ಊರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಾಮೂಲಿ ಬಾಳೆ ವರ್ಷಕ್ಕೆ ಬಂದರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ದಿನ ಕಾದು ಬೆಳೆಸಿದ ಗೊನೆ ನೆಲಕ್ಕೆ ಬಡಿದರೆ ಕಾಯಿ ಜಜ್ಜಿ ಬೆಲೆ ಬೀಳುತ್ತದೆ. ಬಲಗೈಯವರು ಒಬ್ಬರೇ ಗೊನೆ ಇಳಿಸುವಾಗ ಬಲಗೈ ದಂಟಿಗೆ ಏಟು ಹಾಕುತ್ತದೆ. ಕಡಿದ ಕ್ಷಣದಲ್ಲಿ ಅಷ್ಟೂ ಭಾರ ತಟ್ಟನೆ ಬೀಳುವುದು ಎಡಗೈ ಮೇಲೆ. ಅದನ್ನು ಅಲುಗದೆ ತಡೆಯುವುದು ದಡ್ಡ ಕೈಯ ಕೆಲಸವೇ?

ಓದುಬರಹದ ಇತಿಹಾಸದಲ್ಲೂ ಇದೇ ಜೋಡಿ ಇದೆ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಇವತ್ತಿನ ಮಳಖೇಡ, ಇದೇ ಜಿಲ್ಲೆಯಲ್ಲಿದೆ. ಆ ಕಾಲದ ತಾಳೆಗರಿ ಬರಹ ಒಂಟಿ ಕೈಯ ಕೆಲಸವಾಗಿರಲಿಲ್ಲ. ಗರಿಯನ್ನು ಎಡಗೈ ಹಿಡಿಯುತ್ತಿತ್ತು, ಬಲಗೈ ಕಂಠವನ್ನು, ಅಂದರೆ ಗರಿ ಮೇಲೆ ಗೀರುವ ಲೇಖನಿಯನ್ನು, ಹಿಡಿಯುತ್ತಿತ್ತು. ಮೊನೆ ಎಲ್ಲಿ ಊರಬೇಕು, ಎಷ್ಟು ಜರುಗಬೇಕು ಎಂಬುದಕ್ಕೆ ಎಡ ಹೆಬ್ಬೆರಳು ಆನಿಕೆ ಕೊಡುತ್ತಿತ್ತು. ಕಾಗದ ಮೇಜಿನ ಮೇಲೆ ತಾನೇ ಬಿದ್ದಿರುವ ಕಾಲ ಬಂದ ಮೇಲೆಯೇ ನಮಗೆ ‘ಬರೆಯುವ ಕೈ’ ಎಂದು ಒಂದನ್ನು ಮಾತ್ರ ಕರೆಯುವ ಧೈರ್ಯ ಬಂದದ್ದು.

ಹಾಗಿದ್ದೂ ಎಡಗೈಗೆ ನಮ್ಮ ಸೀಮೆಯಲ್ಲಿ ಮರ್ಯಾದೆ ಕಡಿಮೆ. ಮಗು ಎಡಗೈ ಚಾಚಿದರೆ ‘ಬಲಗೈಲೆ ಕೊಡು ತಮ್ಮಾ’ ಎಂಬ ಮಾತು ಹಿಂದೂ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ಒಂದೇ ಧಾಟಿಯಲ್ಲಿ ಬರುತ್ತದೆ. ಎಡಗೈಯವರನ್ನು ರೊಡ್ಡ ಎಂದು ಛೇಡಿಸುವುದೂ ಉಂಟು. ವಿಚಿತ್ರವೆಂದರೆ, ಶರಣಬಸವೇಶ್ವರರ ಈ ಊರಲ್ಲಿ ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆಗೆ ಕೂತವರು ಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಬಲಗೈ ಪತ್ರೆ, ಹೂವು ಏರಿಸುತ್ತದೆ. ಕಣ್ಣು ನೆಟ್ಟಿರುವ ಅಷ್ಟು ಹೊತ್ತೂ ಅಲುಗದೆ ಪೀಠವಾಗಿರುವುದು ಎಡಗೈ. ಪ್ರಸಾದ ಮುಟ್ಟಬಾರದ ಕೈ ದೇವರನ್ನು ಹೊರಬಹುದು ಎಂಬ ಈ ಏರ್ಪಾಟಿನಲ್ಲಿ ನಿಲ್ಲುವ ಕೈಯ ಗುಣ ಬಲ್ಲ ಹಿರಿಯರ ಅನುಭವವೂ ಇದ್ದೀತು ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ, ಶಾಸ್ತ್ರದ ಮಾತಲ್ಲ.

ಇನ್ನು ಎಡಗೈಗೆ ಹೊಸ ಕೆಲಸ ಕಲಿಸುವ ಬಗೆ. ಕಲಿಯಲು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. 1995ರಲ್ಲಿ ಆಲ್ವಾರೊ ಪಾಸ್ಕ್ವಾಲ್ ಲಿಯೋನ್ ಮತ್ತು ಸಂಗಡಿಗರು ಪಿಯಾನೋ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟು ದಿನಕ್ಕೆ ಎರಡು ತಾಸಿನಂತೆ ಐದು ದಿನ ಅಭ್ಯಾಸ ಮಾಡಿಸಿದರು. ಆ ಬೆರಳುಗಳನ್ನು ನಡೆಸುವ ಮಿದುಳಿನ ಭಾಗ ಅಷ್ಟರಲ್ಲೇ ಹಿಗ್ಗಿದ್ದು ಕಂಡಿತು. ಬೆರಳು ಆಡಿಸದೆ ಮನಸ್ಸಿನಲ್ಲೇ ಬಾರಿಸಿದವರಲ್ಲೂ ಅಂಥದೇ ಬದಲಾವಣೆ ಕಾಣಿಸಿತು. ಇನ್ನೂ ಹಳೆಯ ಒಂದು ಸಂಗತಿ ಇದೆ. 1894ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು, ಒಂದು ಕೈಗೆ ತಾಲೀಮು ಕೊಟ್ಟರೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಹೆಚ್ಚುವುದನ್ನು ತೋರಿಸಿತ್ತು.

ಬರವಣಿಗೆಯನ್ನೇ ನೋಡಿ: ನೀವು ಕಪ್ಪುಹಲಗೆಯ ಮೇಲೆ ಬರೆದ ಅಕ್ಷರವೂ ಕಾಗದದ ಮೇಲೆ ಬರೆದ ಅಕ್ಷರವೂ ನೋಡಿದ ಕೂಡಲೇ ನಿಮ್ಮದೆಂದು ತಿಳಿಯುತ್ತವೆ. ಹಲಗೆ ಮೇಲೆ ಭುಜ ಬರೆಯುತ್ತದೆ, ಕಾಗದದ ಮೇಲೆ ಬೆರಳು. ಸ್ನಾಯುಗಳು ಬೇರೆಯಾದರೂ ಅಕ್ಷರದ ಚಹರೆ ಒಂದೇ. ಅಂದರೆ ಅಕ್ಷರದ ರೂಪ ಯಾವುದೋ ಒಂದು ಕೈಯ ಸ್ವಂತ ಆಸ್ತಿಯಲ್ಲ. ಅದು ಮಿದುಳಿನಲ್ಲಿ ಎರಡೂ ಕೈಗಳ ಸಮಾನ ಆಸ್ತಿಯಾಗಿ ಇದೆ. ಎಡಗೈಯಲ್ಲಿ ಬರೆಯಲು ಕೂತ ದೊಡ್ಡವರು ಒಂದನೇ ಇಯತ್ತೆಯ ಮಗುವಲ್ಲ. ‘ಕ’ ಹೇಗಿರುತ್ತದೆ ಎಂದು ಎಡಗೈಗೆ ಗೊತ್ತಿದೆ, ಗೊತ್ತಿಲ್ಲದ್ದು ಪೆನ್ನಿನ ಹಿಡಿತ ಮತ್ತು ಒತ್ತಡ. ಮೊದಮೊದಲು ಮುಷ್ಟಿ ಬಿಗಿದು ಭುಜ ಮೇಲೇರುವುದು ಇದರಿಂದಲೇ: ಕೈಗೆ ತಿಳಿಯದ್ದನ್ನು ಬಲದಿಂದ ಸಾಧಿಸುವ ಹಟ.

ಆದ್ದರಿಂದ ಪೆನ್ನಿನಿಂದ ಶುರು ಮಾಡಬೇಡಿ. ಗೋಡೆ ಹಲಗೆ ಇದ್ದರೆ ಸುಣ್ಣದ ಕಡ್ಡಿಯಲ್ಲಿ ದೊಡ್ಡ ದೊಡ್ಡ ಸೊನ್ನೆ, ಗೆರೆ, ಆಮೇಲೆ ‘ರ’, ‘ಠ’ದಂಥ ದುಂಡನೆಯ ಅಕ್ಷರ. ನಂತರ ಕಾಗದಕ್ಕೆ ಬಂದಾಗ ಪೆನ್ಸಿಲ್ ಇರಲಿ. ಕಾಗದದ ಮೇಲ್ತುದಿಯನ್ನು ಬಲಕ್ಕೆ ಓರೆ ಮಾಡಿ, ಕೈ ಸಾಲಿನ ಕೆಳಗಿರಲಿ, ಮೊನೆಯಿಂದ ಬೆರಳು ಸ್ವಲ್ಪ ದೂರವಿರಲಿ. ಇಲ್ಲದಿದ್ದರೆ ಬರೆದದ್ದನ್ನು ಕೈಯೇ ಉಜ್ಜಿಕೊಂಡು ಹೋಗುತ್ತದೆ. ಕನ್ನಡ ಎಡದಿಂದ ಬಲಕ್ಕೆ ಹರಿಯುವ ಲಿಪಿ. ಬಲಗೈ ಪೆನ್ನನ್ನು ಎಳೆದುಕೊಂಡು ಹೋಗುವಲ್ಲಿ ಎಡಗೈ ಅದನ್ನು ತಳ್ಳಬೇಕು. ತಲೆಕಟ್ಟು ಬಂದಲ್ಲೆಲ್ಲ ಮೊನೆ ಕಾಗದಕ್ಕೆ ನಾಟಿಕೊಳ್ಳುವುದು ಈ ತಳ್ಳಾಟದ ಫಲ. ಕಲಬುರಗಿಯವರಿಗೆ ಇಲ್ಲಿ ಎಲ್ಲ ಕಡೆ ಸಿಗದ ಒಂದು ಅನುಕೂಲವಿದೆ. ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿ ಮಾಡಿಕೊಂಡ, ಸೂಫಿ ಸಂತ ಬಂದೇ ನವಾಜರು ನೆಲೆಸಿದ ಊರಿದು. ಅಂಗಡಿ ಫಲಕಗಳಲ್ಲಿ ಕನ್ನಡ ಒಂದು ದಿಕ್ಕಿಗೆ, ಉರ್ದು ಎದುರು ದಿಕ್ಕಿಗೆ ಓಡುತ್ತದೆ. ಬಲದಿಂದ ಎಡಕ್ಕೆ ಬರೆಯುವ ಉರ್ದುವಿನಲ್ಲಿ ಎಡಗೈ ಎಳೆಯುವ ಕೈಯಾಗುತ್ತದೆ, ಬರೆದ ಮಾತು ಅದರ ಕೆಳಗೆ ಸಿಕ್ಕಿಬೀಳುವುದಿಲ್ಲ. ಎರಡೂ ಲಿಪಿ ಬಲ್ಲವರು ಒಂದೇ ಹೆಸರನ್ನು ಎರಡರಲ್ಲೂ ಎಡಗೈಯಿಂದ ಬರೆದು ನೋಡಲಿ. ಉರ್ದುವಿನ ನಸ್ತಾಲಿಖ್ ಬರಹ ಕಲೆಯ ಕಲಮಿನ ಮೊನೆಯನ್ನು ಬಲಗೈಗೆ ತಕ್ಕಂತೆ ಓರೆಯಾಗಿ ಕತ್ತರಿಸಿರುತ್ತಾರೆ ಎಂಬುದು ನಿಜ. ಮಾಮೂಲಿ ಬಾಲ್‌ಪೆನ್ನಿಗೆ ಆ ತೊಡಕಿಲ್ಲ.

ಒಂದು ಮೋಜು. ಎರಡೂ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು, ನಡುವಿನಿಂದ ಹೊರಕ್ಕೆ ಒಟ್ಟಿಗೆ ‘ಕಮಲಾಪುರ’ ಎಂದು ಬರೆಯಿರಿ. ಎಡಗೈ ತಾನೇ ತಾನಾಗಿ ಕನ್ನಡಿ ಬರಹ ಬರೆಯುತ್ತದೆ, ಅದೂ ಒಂಟಿಯಾಗಿ ಬರೆದದ್ದಕ್ಕಿಂತ ಸಲೀಸಾಗಿ. ಈಗ ಒಂದು ಕೈಯಲ್ಲಿ ವೃತ್ತ, ಇನ್ನೊಂದರಲ್ಲಿ ಚೌಕ ಎಂದರೆ ಎರಡೂ ಕೆಡುತ್ತವೆ. ಕನ್ನಡಿಯ ಹಾಗೆ ಜೊತೆಯಾಗಿ ಆಡುವುದು ಎರಡು ಕೈಗಳ ಹುಟ್ಟುಗುಣ. ಮಿದುಳಿನ ಎರಡು ಅರ್ಧಗಳ ನಡುವಿನ ನಾರಿನ ಸೇತುವೆಯನ್ನು ಚಿಕಿತ್ಸೆಗಾಗಿ ಕತ್ತರಿಸಿದ ರೋಗಿಗಳು ಎರಡು ಬೇರೆ ಆಕಾರಗಳನ್ನು ಒಟ್ಟಿಗೆ ಬಿಡಿಸಬಲ್ಲರೆಂದು 1996ರ ಒಂದು ಅಧ್ಯಯನ ತೋರಿಸಿತು. ಮಂಗಳೂರಿನ ಹುಡುಗಿಯೊಬ್ಬಳು 2020ರಲ್ಲಿ ಎರಡೂ ಕೈಯಿಂದ ಏಕಕಾಲಕ್ಕೆ ಬರೆದು ಸುದ್ದಿಯಾದಳು. ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ಬುಧೇಲಾ ಹಳ್ಳಿಯ ಶಾಲೆ ಇದನ್ನೇ ಎಲ್ಲ ಮಕ್ಕಳಿಗೂ ಕಲಿಸುತ್ತದೆ. ಚಪ್ಪಾಳೆ ತಟ್ಟೋಣ. ಅದು ಸರ್ಕಸ್ಸಿನ ತಾಲೀಮಿನಂಥ ಸಾಧನೆ, ಅದರಿಂದ ಗಣಿತ ಬರುತ್ತದೆಂದು ಮಾತ್ರ ತಿಳಿಯಬಾರದು.

ಎರಡೂ ಕೈಗಳನ್ನು ಸಮನಾಗಿ ಪಳಗಿಸುವ ಈ ಆಸೆ ಹೊಸದೂ ಅಲ್ಲ. ಇಂಗ್ಲೆಂಡಿನ ಜಾನ್ ಜಾಕ್ಸನ್ 1905ರಲ್ಲೇ ಎರಡು ಕೈಗಳ ಸಮಾನತೆ ಸಾರುವ ಪುಸ್ತಕ ಬರೆದರು, ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ ಅದಕ್ಕೆ ಮುನ್ನುಡಿ ಕೊಟ್ಟರು. ಎರಡು ವರ್ಷದಲ್ಲೇ ಹೆಸರಾಂತ ವೈದ್ಯ ಕ್ರೈಟನ್ ಬ್ರೌನ್ ಅದನ್ನು ಖಂಡಿಸಿದರು. ನಮ್ಮ ಕಾಲದ ಭರವಸೆಗಳೂ ಅಷ್ಟೇ. ಎಡಗೈ ಬಳಸಿ ಮನಸ್ಸಿನ ಹತೋಟಿ ಬೆಳೆಸಬಹುದು, ಕೋಪ ತಗ್ಗಿಸಬಹುದು ಎಂದು 2011ರಲ್ಲಿ ಒಂದು ಪ್ರಯೋಗ ಹೇಳಿತ್ತು. 2016ರಲ್ಲಿ 174 ಮಂದಿಗೆ ಆರು ವಾರ ಇಂಥದೇ ಅಭ್ಯಾಸ ಮಾಡಿಸಿ ನೋಡಿದಾಗ ಅಂಥ ಲಾಭವೇನೂ ಸಿಗಲಿಲ್ಲ. ಅದೇ 2011ರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಹಿಡಿಸುತ್ತದೆ. ಸಿನಿಮಾ ನೋಡುವವರಿಗೆ ಒಂದು ವಾರ ಹಳೆಯ ಪಾಪ್‌ಕಾರ್ನ್ ಕೊಟ್ಟರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿಯವರು ರುಚಿ ನೋಡದೆ ಮುಕ್ಕಿದರು. ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಎಂದಾಗ ಹಳಸಲೆಂದು ಗೊತ್ತಾಗಿ ಕಡಿಮೆ ತಿಂದರು. ಎಡಗೈ ಕೊಡುವುದು ಇಂಥ ಎಚ್ಚರವನ್ನು. ಕೈ ತಾನಾಗಿ ಮಾಡುತ್ತಿದ್ದುದನ್ನು ಕಣ್ಣು ಮತ್ತೆ ನೋಡುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ಸ್ವಲ್ಪ ಕಟುವಾಗಿಯೇ ಹೇಳಬೇಕೆನಿಸುತ್ತದೆ. ದೊಡ್ಡವರು ತಾವಾಗಿ ಕೈ ಬದಲಿಸಿಕೊಳ್ಳುವುದು ಆಟ. ಎಡಗೈ ಮಗುವಿನ ಕೈಗೆ ಏಟು ಕೊಟ್ಟು ಬಲಕ್ಕೆ ತಿರುಗಿಸುವುದು ಬೇರೆಯೇ ಸಂಗತಿ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಸಾಲು ತಪ್ಪುತ್ತದೆಂದು ಬಲ್ಲ ರೈತ, ತನ್ನ ಮಗುವಿಗೆ ಅದನ್ನೇ ಮಾಡಿಸುತ್ತಾನೆ. 2002ರಲ್ಲಿ ಜರ್ಮನಿಯ ಸಂಶೋಧಕರು ಬಾಲ್ಯದಲ್ಲೇ ಬಲಕ್ಕೆ ತಿರುಗಿಸಲ್ಪಟ್ಟ ದೊಡ್ಡವರನ್ನು ಪರೀಕ್ಷಿಸಿದರು. ಎಷ್ಟೋ ವರ್ಷ ಬಲಗೈಯಲ್ಲೇ ಬರೆದಿದ್ದರೂ, ಬರೆಯುವ ಹೊತ್ತಿನಲ್ಲಿ ಅವರ ಬಲ ಮಿದುಳು ಹುಟ್ಟಾ ಬಲಗೈಯವರದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಹಳೆಯ ರೂಢಿ ಅಳಿದಿರಲಿಲ್ಲ. ಎರಡೂ ಕೈ ಸಮಾನವಾಗಿರುವ ಮಕ್ಕಳು ಹೆಚ್ಚು ಜಾಣರು ಎಂಬುದಕ್ಕೂ ಆಧಾರವಿಲ್ಲ. ಫಿನ್ಲೆಂಡಿನ ಸುಮಾರು 8,000 ಮಕ್ಕಳ ಅಧ್ಯಯನದಲ್ಲಿ ಅಂಥವರು 87 ಮಂದಿ. ಏಳೆಂಟರ ವಯಸ್ಸಿನಲ್ಲಿ ಭಾಷೆಯ ತೊಂದರೆ ಅವರಲ್ಲೇ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತು. ಎರಡು ಕೈ ಬಳಸಿದ್ದರಿಂದಲೇ ಹೀಗಾಯಿತೆಂದು ಅದರ ಅರ್ಥವಲ್ಲ. ಆದರೆ ಶುಲ್ಕ ಕಟ್ಟಿಸಿಕೊಂಡು ಮಕ್ಕಳಿಗೆ ಎರಡು ಕೈ ಬರಹ ಕಲಿಸಿ ‘ಮಿದುಳು ಅರಳಿಸುವ’ ತರಗತಿಗಳಿಗೆ ಇದು ಉತ್ತರ. ಎಡಗೈ ಮಗುವಿಗೆ ನಾವು ಮಾಡಬೇಕಾದದ್ದು ಸರಳ: ಬೆಂಚಿನ ಎಡತುದಿಯಲ್ಲಿ ಜಾಗ, ಎಡಗೈ ಕತ್ತರಿ. ಹೊಲದ ಕೆಲಸವಾದರೆ ಹಲ್ಲಿನ ಕುಡುಗೋಲು ಕೊಡುವಾಗ ಒಮ್ಮೆ ಯೋಚನೆ. ಅದರ ಹಲ್ಲುಗಳನ್ನು ಸಾಮಾನ್ಯವಾಗಿ ಬಲಗೈಗೆಂದೇ ಕೊರೆದಿರುತ್ತಾರೆ, ಎಡಗೈಯಲ್ಲಿ ಅದು ಜಾರಿ ಬೆರಳಿಗೆ ಬರುತ್ತದೆ. ಹವ್ಯಾಸಕ್ಕೆ ಎಡಗೈ ಬಳಸುವ ದೊಡ್ಡವರೂ ಈಳಿಗೆ, ಚಾಕು, ಬಿಸಿ ಹಂಚುಗಳ ತಂಟೆಗೆ ಹೋಗದಿರುವುದು ಲೇಸು.

ಎಡಗೈ ಕಲಿತದ್ದು ನಿಜವಾಗಿ ಕೆಲಸಕ್ಕೆ ಬಂದ ಕಥೆಗಳಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ಕಾಣುವುದು ಅಗತ್ಯ. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟ ಕಿಲ್ಡೋನನ್ ಕ್ಯಾಸಲ್ ಹಡಗಿನಲ್ಲಿ ಗಾಂಧೀಜಿ ‘ಹಿಂದ್ ಸ್ವರಾಜ್’ ಬರೆದರು. ಬಲಗೈ ಸೋತಾಗ ಎಡಗೈಗೆ ಬದಲಿಸಿ, ಹಸ್ತಪ್ರತಿಯ ಸುಮಾರು 40 ಪುಟಗಳನ್ನು ಅದರಲ್ಲೇ ಮುಗಿಸಿದರು. ಹಂಗೇರಿಯ ಸೈನಿಕ ಕಾರೊಲಿ ಟಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹೋಯಿತು. ಎಡಗೈಯಲ್ಲಿ ಪಿಸ್ತೂಲು ಕಲಿತು 1948 ಮತ್ತು 1952ರ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದರು.

ನಮ್ಮ ಕಡೆ ಆ ಅಗತ್ಯದ ಹೆಸರು ಲಕ್ವಾ. ಕಮಲಾಪುರದ ಕಡೆಯ ಹಳ್ಳಿಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದರೆ ಮೊದಲ ಕೆಲಸ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಓಡುವುದು. ಹೆಪ್ಪು ಕರಗಿಸುವ ಔಷಧ ಕೊಡಲು ನಾಲ್ಕೂವರೆ ತಾಸಿನ ಗಡುವಿದೆ, ಮಾಲೀಶಿನವರ ಮನೆಗೆ ಹೋಗಿ ಅದನ್ನು ಕಳೆಯಬಾರದು. ಜೀವ ಉಳಿದು ಮನೆಗೆ ಬಂದ ಮೇಲೆ ಏಳುವುದು ಕೈಯ ಪ್ರಶ್ನೆ. ಬಲಗೈ ಬಿದ್ದರೆ ಎಲ್ಲ ಕೆಲಸಕ್ಕೂ ಎಡಗೈ ಮುಂದೆ ಬರುತ್ತದೆ, ಮನೆಯವರೂ ಅದನ್ನೇ ಹುರಿದುಂಬಿಸುತ್ತಾರೆ. ಇಲ್ಲೊಂದು ಅಪಾಯವಿದೆ. ಅಮೆರಿಕದ ಎಡ್ವರ್ಡ್ ಟಾಬ್ ಮಂಗಗಳಲ್ಲಿ ಮೊದಲು ಗುರುತಿಸಿದ ಸಂಗತಿ ಇದು: ಸೋತ ಕೈಯನ್ನು ಬಳಸದೆ ಬಿಟ್ಟರೆ, ಅದಕ್ಕೆ ಶಕ್ತಿ ಮರಳಿದ ಮೇಲೂ ಮಿದುಳು ಅದನ್ನು ಮರೆತೇ ಇರುತ್ತದೆ. ಹಾಗಾಗಿ ಬಲಗೈಯಲ್ಲಿ ತುಸುವಾದರೂ ಚಲನೆ ಉಳಿದವರಿಗೆ ಅವರು ರೂಪಿಸಿದ ಚಿಕಿತ್ಸೆ ತಲೆಕೆಳಗಾದದ್ದು: ಗಟ್ಟಿ ಕೈಗೆ ಚೀಲ ತೊಡಿಸಿ ಕಟ್ಟಿಹಾಕು, ಸೋತ ಕೈಯಿಂದಲೇ ದುಡಿಸು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 222 ರೋಗಿಗಳಿದ್ದರು. ಎಚ್ಚರವಿರುವ ಸಮಯದ ಶೇ 90ರಷ್ಟು ಹೊತ್ತು ಗಟ್ಟಿ ಕೈಗೆ ಚೀಲ ತೊಟ್ಟು, ಎರಡು ವಾರ ಹೀಗೆ ದುಡಿದವರ ಕೈ ಮಾಮೂಲಿ ಆರೈಕೆ ಪಡೆದವರದ್ದಕ್ಕಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ಮೇಲೂ ಆ ಗಳಿಕೆ ಉಳಿಯಿತು. ಎಲ್ಲರಿಗೂ ಇದು ಹೊಂದುವುದಿಲ್ಲ. ಮಣಿಕಟ್ಟು, ಬೆರಳು ಸ್ವಲ್ಪವೂ ಅಲುಗದವರಿಗೆ ಎಡಗೈ ಕಲಿಕೆಯೇ ದಾರಿ. ಯಾರಿಗೆ ಯಾವುದು ಎಂಬುದನ್ನು ಫಿಜಿಯೋಥೆರಪಿಯವರು ಕೈ ನೋಡಿ ಹೇಳಬೇಕೇ ಹೊರತು ಓಣಿಯವರಲ್ಲ.

ಇಂಥವರು ಮೊದಲು ಕೇಳುವುದು ಊಟ ಮತ್ತು ಸಹಿಯ ಬಗ್ಗೆ. ಊಟಕ್ಕೆ ಎಡಗೈ ಚಮಚ ಹಿಡಿಯಲಿ, ದಾಸೋಹದ ಪಂಕ್ತಿಯಲ್ಲಿ ಕೂತರೂ ಸರಿಯೇ. ಆ ಎಲೆಯ ಮುಂದೆ ಯಾರೂ ತಕರಾರು ತೆಗೆಯುವುದು ಬೇಡ. ಪಿಂಚಣಿ, ಬ್ಯಾಂಕಿನ ಸಹಿಗೂ ಚಿಂತೆ ಬೇಕಿಲ್ಲ. ಕಾಯಿಲೆಯಿಂದ ಸಹಿ ಮಾಡಲಾಗದವರು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಎಡಗೈ ಬರಹ ಒಂದು ಹದಕ್ಕೆ ಬಂದ ಮೇಲೆ, ಶಾಖೆಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದರೆ ಆಯಿತು.